ಒಂದಕ್ಕೆ ಎರಡಿರಲಿ

ಯಾವ ವಸ್ತುವಾದರೂ ಮನೆಯಲ್ಲಿ ಒಂದೇ ಒಂದು ಇದ್ದರೆ ಹೆಂಗಸರ ಮನಸ್ಸಿಗೆ ಸಮಾಧಾನವಿರುವುದಿಲ್ಲ. ಬೀರುವಿನ ಬೀಗದ ಕೈ ಎರಡಿರಬೇಕು. ಒಂದು ಸೊಂಟದಲ್ಲಿ, ಇನ್ನೊಂದು ದೇವರ ಗೂಡಿನ ಹಿಂದೆ. ಉಪ್ಪಿನಕಾಯಿಯನ್ನು ಒಂದೇ ದೊಡ್ಡ ಭರಣಿಗೆ ತುಂಬುವುದಕ್ಕಿಂತ ಎರಡು ಸಣ್ಣ ಭರಣಿಗಳಿಗೆ ತುಂಬುವುದು ಲೇಸು; ಒಂದಕ್ಕೆ ಬೂಸ್ಟು ಬಂದರೂ ಇನ್ನೊಂದು ಉಳಿದೀತು. ಪಕ್ಕದ ಮನೆಗೆ ಹೆಪ್ಪಿಗೆಂದು ಒಂದು ಚಮಚ ಮೊಸರು ಕೊಟ್ಟಿದ್ದರೆ, ನಮ್ಮ ಮನೆಯ ಮೊಸರು ಕೆಟ್ಟ ದಿನ ಅದೇ ಹೆಪ್ಪು ಅಲ್ಲಿಂದ ಹಿಂದಿರುಗಿ ಬರುತ್ತದೆ. ಇದನ್ನೆಲ್ಲ ಯಾರೂ ನಮಗೆ ಪಾಠ ಹೇಳಿ ಕಲಿಸಿದ್ದಲ್ಲ. ಅಜ್ಜಿ ಮಾಡುತ್ತಿದ್ದಳು, ಅಮ್ಮ ಮಾಡಿದಳು, ನಾವು ಮಾಡುತ್ತೇವೆ. ಮನೆಯ ಗಂಡಸರು ಮಾತ್ರ, “ಎಲ್ಲಕ್ಕೂ ಒಂದಕ್ಕೆರಡು, ಜಾಗವೆಲ್ಲಿದೆ?” ಎಂದು ಗೊಣಗುತ್ತಾರೆ.

ಇದೇ ಬುದ್ಧಿಗೆ ಅಮೆರಿಕದಲ್ಲಿ ಒಂದು ಹೆಸರಿದೆ, ಒಂದು ಪ್ರಬಂಧವಿದೆ ಎಂದು ನನಗೆ ತಿಳಿದದ್ದು 2023ರ ಬೇಸಿಗೆ ರಜೆಯಲ್ಲಿ. ಹೆಸರು ‘ರೇಡ್’. ಅದನ್ನು ನಮ್ಮ ಮನೆಗೆ ತಂದವನು ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವ ನನ್ನ ಅಣ್ಣನ ಮಗ. ಅವನು ಅಂಗಳದಲ್ಲಿ ನಿಂತು ಗೆಳೆಯನಿಗೆ ಫೋನಿನಲ್ಲಿ, “ಇವತ್ತು ಬರಕ್ಕಾಗಲ್ಲ ಕಣೋ, ಅತ್ತೆ ಮನೇಲಿ ರೇಡ್ ಇದೆ” ಎಂದು ಗಟ್ಟಿಯಾಗಿ ಹೇಳಿದ್ದೇ ತಡ, ಎದುರು ಮನೆಯವರು ಒಗೆಯುವ ಬಟ್ಟೆ ಅಲ್ಲೇ ಬಿಟ್ಟು ಬಂದರು. “ಏನು ಟೀಚರ್, ನಿಮ್ಮನೇಲಿ ರೇಡಂತೆ? ಲೋಕಾಯುಕ್ತದವರಾ, ಇನ್‌ಕಮ್ ಟ್ಯಾಕ್ಸಿನವರಾ?” ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳ ಮನೆಯಲ್ಲಿ ಅಂಥವರಿಗೆ ಸಿಗುವುದು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಮಾತ್ರ ಎಂದು ನಗಾಡಿ, ಕಾಫಿ ಕೊಟ್ಟು ಕಳಿಸಬೇಕಾಯಿತು.

ನಿಜವಾದ ಕಾರಣ ನಗುವಂಥದ್ದಾಗಿರಲಿಲ್ಲ. ನಮ್ಮ ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕು ‘ಟಕ್, ಟಕ್’ ಎಂದು ಸದ್ದು ಮಾಡಲು ತೊಡಗಿತ್ತು. 2014ರಲ್ಲಿ ಕೊಂಡದ್ದು. ಹುಡುಗ ಕಿವಿಯಿಟ್ಟು ಕೇಳಿ, ಡಾಕ್ಟರರಂತೆ ಮುಖ ಮಾಡಿ, “ಅತ್ತೆ, ಇದು ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಇದರಲ್ಲಿ ಮುಖ್ಯವಾದದ್ದು ಏನಿದೆ?” ಎಂದ.

ಅದರಲ್ಲಿ ಅಮ್ಮ ಇದ್ದಳು.

1997ರಲ್ಲಿ ಅಣ್ಣನ ಮದುವೆ ಗೊತ್ತಾದಾಗ, ಚಪ್ಪರದ ದಿನಕ್ಕೆ ಮುಂಚಿನ ಸಂಜೆಗಳಲ್ಲಿ ಅಮ್ಮ ತಾನು ಬಲ್ಲ ಹಾಡುಗಳನ್ನೆಲ್ಲ ಮತ್ತೊಮ್ಮೆ ನೆನಪು ಮಾಡಿಕೊಂಡು ಹಾಡಿದ್ದಳು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಸೋಬಾನೆ, ಬೀಸುವ ಪದ, ಹೆಣ್ಣೊಪ್ಪಿಸುವ ಹಾಡು. ಟೇಪ್ ರೆಕಾರ್ಡರ್ ಇಟ್ಟು ಹಿಡಿದಿಟ್ಟೆವು. ಮೂರು ಕ್ಯಾಸೆಟ್ಟು, ನಲವತ್ತೊಂದು ಹಾಡು. 2008ರಲ್ಲಿ ಅವನ್ನು ಅಂಗಡಿಯೊಂದರಲ್ಲಿ ಕಂಪ್ಯೂಟರಿಗೆ ಹಾಕಿಸಿ, ಒಂದು ಸಿ.ಡಿ.ಯನ್ನೂ ಮಾಡಿಸಿ ಅಣ್ಣನ ಮನೆಯಲ್ಲಿ ಇಟ್ಟೆವು. ಮಲೆನಾಡಿನ ಮಳೆಗಾಲ ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿಸಿತು. ಸಿ.ಡಿ. ಹತ್ತು ವರ್ಷ ಬಾಳಿ, ಒಂದು ದಿನ ಯಾವ ಯಂತ್ರದಲ್ಲಿಯೂ ತಾನು ಓದಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿಯಿತು. ಉಳಿದದ್ದು ಟಕ್ ಟಕ್ ಎನ್ನುವ ಈ ಡಿಸ್ಕಿನಲ್ಲಿದ್ದದ್ದು ಮಾತ್ರ.

ಇನ್ನೂ ಒಂದು ಪ್ರತಿ ಇತ್ತಲ್ಲ, ಹಾಡಿದವಳೇ ಇದ್ದಾಳಲ್ಲ ಎಂದು ನೀವು ಕೇಳಬಹುದು. ಇದ್ದಾಳೆ. ನಮ್ಮ ಮನೆಯಲ್ಲೇ, ಕಿಟಕಿಯ ಪಕ್ಕದ ಮಂಚದಲ್ಲಿ ಇದ್ದಾಳೆ. ಆದರೆ 2019ರಿಂದ ಅಮ್ಮನಿಗೆ ಮರೆವಿನ ಕಾಯಿಲೆ. ಮೊದಲು ಹೋದದ್ದು ಕನ್ನಡಕ ಇಟ್ಟ ಜಾಗ, ಆಮೇಲೆ ವಾರದ ಹೆಸರು, ಆಮೇಲೆ ಹಾಡಿನ ನುಡಿಗಳು. ನನ್ನ ಹೆಸರು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ.

ಹುಡುಗ ಮೊದಲು ಮಾಡಿದ ಕೆಲಸ ನನಗೆ ಮೆಚ್ಚಿಗೆಯಾಯಿತು. ಎಲ್ಲವನ್ನೂ ಒಟ್ಟಿಗೆ ಎಳೆಯಲು ಹೋಗಲಿಲ್ಲ. “ಸಾಯ್ತಿರೋ ಡಿಸ್ಕಿನಿಂದ ಮೊದಲು ತೆಗೀಬೇಕಾದ್ದು ದೊಡ್ಡದನ್ನಲ್ಲ, ಬೇಕಾದ್ದನ್ನ” ಎಂದು ಹೇಳಿ, ಹಾಡುಗಳನ್ನು ಮೊದಲು ಒಂದು ಪೆನ್ ಡ್ರೈವಿಗೆ ಇಳಿಸಿಕೊಂಡ. ನಲವತ್ತು ಹಾಡು ಬಂದವು. ಇಪ್ಪತ್ತೇಳನೆಯದು ಬರಲಿಲ್ಲ. ಅದರ ಮಾತು ಆಮೇಲೆ ಹೇಳುತ್ತೇನೆ.

ಹಳೆಯದಕ್ಕೆ ಬದಲು ಎರಡು ಹೊಸ ಡಿಸ್ಕು ತರಬೇಕೆಂದಾಗ ನಮ್ಮ ಮನೆಯವರು ಹುಬ್ಬೇರಿಸಿದರು. ಎರಡೂ ಎರಡೆರಡು ಟಿ.ಬಿ.ಯವು; ಆದರೆ ಜೋಡಿ ಮಾಡಿದ ಮೇಲೆ ಬಳಸಲು ಸಿಗುವುದು ಎರಡೇ ಟಿ.ಬಿ. “ಎರಡರ ದುಡ್ಡು ಕೊಟ್ಟು ಒಂದನ್ನ ಬಳಸೋದೆ? ಇದ್ಯಾವ ಲೆಕ್ಕ?” ಎಂದರು. ನಾನು ಬೀಗದ ಕೈಯ ಲೆಕ್ಕ ಎಂದೆ. ಎರಡು ಕೀಲಿ ಇದೆಯೆಂದು ಬೀರುವಿನಲ್ಲಿ ಎರಡು ಪಾಲು ಸೀರೆ ಹಿಡಿಯುತ್ತದೆಯೆ?

ರೇಡಿನ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಹಾರ್ಡ್ ಡಿಸ್ಕಿನ ಮೂಲಪುರುಷ 1956ರಲ್ಲಿ ಐ.ಬಿ.ಎಂ. ಕಂಪೆನಿಯವರು ಹೊರತಂದ ಯಂತ್ರ. ಎರಡಡಿ ಅಗಲದ ಐವತ್ತು ತಟ್ಟೆಗಳನ್ನು ಕಾವಲಿಗಳಂತೆ ಒಂದರ ಮೇಲೊಂದು ಜೋಡಿಸಿದ್ದರು. ತೂಕ ಸುಮಾರು ಒಂದು ಟನ್ನು. ಅಷ್ಟರಲ್ಲಿ ಹಿಡಿಯುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ಅಮ್ಮನ ಐದು ನಿಮಿಷದ ಒಂದು ಹಾಡು ಅದರಲ್ಲಿ ಇಡಿಯಾಗಿ ಹಿಡಿಯುತ್ತಿರಲಿಲ್ಲ. ಮುಂದೆ ಎಂಬತ್ತರ ದಶಕದಲ್ಲಿ ಮನೆ ಕಂಪ್ಯೂಟರುಗಳಿಗೆಂದು ಸಣ್ಣ ಅಗ್ಗದ ಡಿಸ್ಕುಗಳು ಬಂದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು 1988ರಲ್ಲಿ ಒಂದು ಪ್ರಬಂಧ ಮಂಡಿಸಿದರು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವನ್ನು ಜೋಡಿಸಬಹುದು; ಹಲವಿದ್ದಾಗ ಯಾವುದಾದರೊಂದು ಕೆಡುವ ಸಂಭವ ಹೆಚ್ಚು, ಆದ್ದರಿಂದ ಒಂದು ಕೆಟ್ಟರೂ ನಷ್ಟವಾಗದ ಹಾಗೆ ಹೆಚ್ಚುವರಿಯನ್ನು ಬರೆದಿಡಬೇಕು ಎಂಬುದು ಅದರ ಸಾರ. ‘ಅಗ್ಗದ ಡಿಸ್ಕುಗಳ ಹೆಚ್ಚುವರಿ ಸಾಲು’ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ರೇಡ್. ಮುಂದೆ ವ್ಯಾಪಾರಿಗಳು ‘ಅಗ್ಗದ’ ಎಂಬ ಪದವನ್ನು ತೆಗೆದು ‘ಸ್ವತಂತ್ರ’ ಎಂದು ಮಾಡಿಕೊಂಡರು. ಅಗ್ಗ ಎಂದು ಬೋರ್ಡು ಹಾಕಿ ಹೆಚ್ಚು ಬೆಲೆಗೆ ಮಾರುವುದು ಕಷ್ಟವಲ್ಲವೆ!

ಇದರಲ್ಲಿ ನಾನಾ ಬಗೆಗಳಿವೆ. ಸೊನ್ನೆಯ ಬಗೆಯಲ್ಲಿ ಬರಹವನ್ನು ತುಂಡು ಮಾಡಿ ಎರಡು ಡಿಸ್ಕಿಗೂ ಹಂಚುತ್ತಾರೆ. ಜೋಡೆತ್ತಿನ ಗಾಡಿಯಂತೆ ವೇಗ ಹೆಚ್ಚು. ಒಂದು ಎತ್ತು ಬಿದ್ದರೆ ಗಾಡಿಯೇ ನಿಂತಿತು. ಒಂದರ ಬಗೆ ಕನ್ನಡಿಯದು. ಇದರಲ್ಲಿ ಬರೆದದ್ದು ಅದೇ ಗಳಿಗೆಯಲ್ಲಿ ಅದರಲ್ಲಿಯೂ ಬರೆದಿರುತ್ತದೆ. ಐದರ ಬಗೆಗೆ ಮೂರು ಡಿಸ್ಕಾದರೂ ಬೇಕು. ಅದನ್ನು ಹುಡುಗ ವಿವರಿಸುವಾಗ ನನಗೆ ಗಣಿತದ ಮೇಷ್ಟ್ರು ರಜೆ ಹಾಕಿದ ದಿನಗಳಲ್ಲಿ ಮಕ್ಕಳನ್ನು ಸುಮ್ಮನಿರಿಸಲು ನಾನು ಆಡಿಸುತ್ತಿದ್ದ ಆಟ ನೆನಪಾಯಿತು. ಬೋರ್ಡಿನ ಮೇಲೆ ಏಳು, ಐದು, ಎಂಟು ಎಂದು ಬರೆದು, ಪಕ್ಕದಲ್ಲಿ ಮೊತ್ತ ಇಪ್ಪತ್ತು ಎಂದು ಬರೆಯುವುದು. ಕಣ್ಣು ಮುಚ್ಚಿಸಿ ಯಾವುದಾದರೊಂದನ್ನು ಅಳಿಸುವುದು. ಉಳಿದವನ್ನು ನೋಡಿ ಅಳಿಸಿದ್ದನ್ನು ಮಕ್ಕಳು ಹೇಳಿಬಿಡುತ್ತಿದ್ದರು. ಕಂಪ್ಯೂಟರ್ ಕೂಡ ಸರಿ ಬೆಸದ ಲೆಕ್ಕವಿಟ್ಟು ಇದನ್ನೇ ಮಾಡುತ್ತದಂತೆ. ಮೊತ್ತವನ್ನು ಒಂದೇ ಕಡೆ ಇಡದೆ ಎಲ್ಲ ಡಿಸ್ಕುಗಳಿಗೂ ಹಂಚಿಡುತ್ತದೆ. ಎರಡು ಸಂಖ್ಯೆ ಒಟ್ಟಿಗೆ ಅಳಿಸಿ ಹೋದರೆ ಮಾತ್ರ ಅದೂ ಮಕ್ಕಳಂತೆ ಕೈ ಚೆಲ್ಲುತ್ತದೆ.

ನಮಗೆ ಎರಡು ಡಿಸ್ಕಿನ ಕನ್ನಡಿ ಸಾಕೆಂದು ತೀರ್ಮಾನವಾಯಿತು.

ಜೋಡಿ ಮಾಡುವ ಕೆಲಸದಲ್ಲಿ ನಿಜವಾದ ಅಪಾಯ ಎಲ್ಲಿದೆಯೆಂದು ಕೇಳಿ ನನ್ನ ಎದೆ ಡವಗುಟ್ಟಿತು. ಹೊಸದಾಗಿ ಸಾಲು ಕಟ್ಟುವಾಗ ಆ ಡಿಸ್ಕುಗಳಲ್ಲಿ ಮೊದಲೇ ಇದ್ದದ್ದು ಹೋದಂತೆಯೇ. ಕಂಪ್ಯೂಟರ್ ತನ್ನೊಳಗಿನ ಡಿಸ್ಕುಗಳನ್ನು ಎ, ಬಿ, ಸಿ ಎಂಬ ಅಕ್ಷರಗಳಿಂದ ಕರೆಯುತ್ತದೆ. ಒಮ್ಮೆ ಆರಿಸಿ ಹೊತ್ತಿಸಿದರೆ ನಿನ್ನೆಯ ಎ ಇಂದು ಬಿ ಆಗಿಬಿಡಬಹುದು. ಹಾಜರಿ ಪುಸ್ತಕದಲ್ಲಿ ಮಕ್ಕಳ ಕ್ರಮಸಂಖ್ಯೆ ದಿನವೂ ಬದಲಾದರೆ ಹೇಗೋ ಹಾಗೆ. ಅಕ್ಷರ ನಂಬಿ ಆಜ್ಞೆ ಕೊಟ್ಟು ಹಳೆಯ ಡಿಸ್ಕನ್ನೇ ಸಾಲಿಗೆ ಸೇರಿಸಿಬಿಟ್ಟರೆ, ನಲವತ್ತು ಹಾಡು ಪೆನ್ ಡ್ರೈವಿನಲ್ಲಿ ಉಳಿದಾವು. ಇಪ್ಪತ್ತು ವರ್ಷದ ಫೋಟೋ, ಪತ್ರ, ಶಾಲೆಯ ಬರಹಗಳು, ಆ ಇಪ್ಪತ್ತೇಳನೆಯ ಹಾಡು ಎಲ್ಲ ಒಂದೇ ನಿಮಿಷದಲ್ಲಿ ಮಂಗಮಾಯ.

ನಮ್ಮ ಮದುವೆಯ ಪಾತ್ರೆಗಳ ಮೇಲೆಲ್ಲ ಹೆಸರು ಕೆತ್ತಿಸುತ್ತಾರಲ್ಲ, ಸಂತರ್ಪಣೆಯಲ್ಲಿ ಹತ್ತು ಮನೆಯ ಪಾತ್ರೆ ಕಲೆತರೂ ನಮ್ಮದು ನಮಗೆ ಸಿಗಲೆಂದು? ಪ್ರತಿ ಡಿಸ್ಕಿನ ಮೈಮೇಲೂ ಹಾಗೆಯೇ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಮೂರರ ಸಂಖ್ಯೆಯನ್ನೂ ನಾನು ಕಾಗದದ ಮೇಲೆ ಬರೆದುಕೊಂಡೆ. ಹಳೆಯ ಡಿಸ್ಕಿಗೆ ಗುರುತಿಗೆಂದು ಒಂದು ಕುಂಕುಮದ ಬೊಟ್ಟಿಟ್ಟೆ. ಹುಡುಗ ನಕ್ಕ. ನಗಲಿ. ಕೊನೆಗೆ ನಾನೊಂದು ಮಾತು ಕೇಳಿದೆ: “ಅಷ್ಟೆಲ್ಲ ಭಯ ಯಾಕೆ? ಹೊಸ ಜೋಡಿ ಕಟ್ಟೋವಾಗ ಹಳೇದನ್ನ ಕಳಚಿ ಆಚೆ ಇಟ್ಟುಬಿಟ್ಟರೆ ಆಗಲ್ವ?” ಅವನು ಒಂದು ಕ್ಷಣ ಸುಮ್ಮನಿದ್ದು, “ಆಗತ್ತೆ ಅತ್ತೆ. ಅದೇ ಸರಿ” ಎಂದ. ಡಿಸ್ಕನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹೊಲಿಯುವಾಗ ಮಗುವನ್ನು ದೂರ ಕೂರಿಸುವವರು ನಾವು. ಕತ್ತರಿಯ ಜಾಣತನವನ್ನು ನಂಬಿದವರಲ್ಲ.

ಅವನು ಲಿನಕ್ಸ್ ಎಂಬ, ದುಡ್ಡಿಲ್ಲದೆ ಸಿಗುವ ವ್ಯವಸ್ಥೆಯನ್ನು ಬಳಸುವವನು. ಒಂದು ಸಾಲಿನ ಆಜ್ಞೆ ಬರೆದದ್ದೇ ಎರಡು ಹೊಸ ಡಿಸ್ಕುಗಳಿಗೆ ಗಂಟು ಬಿತ್ತು. ಪರದೆಯ ಮೇಲೆ ಶೇಕಡಾ 0.3, 0.4 ಎಂದು ಏರತೊಡಗಿತು. ಎರಡೂ ಖಾಲಿ ಇರುವಾಗ ಇದು ಹೊಂದಿಸುತ್ತಿರುವುದೇನನ್ನು ಎಂದು ನನಗೆ ಆಶ್ಚರ್ಯ. ಎಲ್ಲಿ ಬರಹವಿದೆ, ಎಲ್ಲಿಲ್ಲ ಎಂಬುದು ಕನ್ನಡಿಗೆ ತಿಳಿಯದಂತೆ. ಖಾಲಿ ಜಾಗವೂ ಎರಡು ಕಡೆ ಒಂದೇ ರೀತಿ ಖಾಲಿಯಾಗಿರಬೇಕಂತೆ. ನಾಲ್ಕು ಗಂಟೆಯ ಮೇಲೆ ಹಿಡಿಯಿತು. ಮಧ್ಯೆ ಗುಡುಗು ಬಂದು ಕರೆಂಟು ಹತ್ತು ನಿಮಿಷ ಹೋಯಿತು, ಯು.ಪಿ.ಎಸ್. ಕಾಪಾಡಿತು.

ಆಮೇಲೆ ಹಳೆಯದನ್ನು ಬೀರುವಿನಿಂದ ತೆಗೆದು ಜೋಡಿಸಿ ಸಾಮಾನು ಸಾಗಿಸುವ ಕೆಲಸ. ಮನೆ ಬದಲಾಯಿಸಿದವರಿಗೆಲ್ಲ ಗೊತ್ತು, ಲಾರಿಗೆ ಹೇರಿದ್ದು ಇಳಿಯಿತೆ ಎಂದು ಎಣಿಸದೆ ಲಾರಿಯವನಿಗೆ ಬಾಡಿಗೆ ಕೊಡಬಾರದು. ಇಲ್ಲಿಯೂ ಹಾಗೆ. ಪ್ರತಿ ಕಡತಕ್ಕೂ ಲೆಕ್ಕ ಹಾಕಿ ಅರವತ್ತನಾಲ್ಕು ಅಕ್ಷರದ ಒಂದು ಮೊಹರು ತೆಗೆಯುತ್ತಾರೆ. ಕಡತದಲ್ಲಿ ಒಂದು ಅಕ್ಷರ ವ್ಯತ್ಯಾಸವಾದರೂ ಮೊಹರು ಪೂರಾ ಬೇರೆಯಾಗುತ್ತದೆ. ಹಳೆಯ ಮನೆಯ ಮೊಹರು, ಹೊಸ ಮನೆಯ ಮೊಹರು ತಾಳೆ ನೋಡಿದೆವು. ಸರಿಯಿತ್ತು.

ಸರಿಯಿದ್ದರೂ ಕೆಲವನ್ನು ಓದಲಾಗಲಿಲ್ಲ! ಇಪ್ಪತ್ತು ವರ್ಷದ ಹಿಂದೆ ನುಡಿ ತಂತ್ರಾಂಶದಲ್ಲಿ ನಾನು ಟೈಪು ಮಾಡಿದ್ದ ಪ್ರಶ್ನೆಪತ್ರಿಕೆಗಳನ್ನು ಹೊಸ ವ್ಯವಸ್ಥೆಯಲ್ಲಿ ತೆರೆದರೆ, ಕದಂಬರೂ ಇಲ್ಲ ಚಾಲುಕ್ಯರೂ ಇಲ್ಲ. ತಲೆಗೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಆ ಕಾಲದ ಅಕ್ಷರಗಳ ಒಳಸಂಕೇತ ಬೇರೆ, ಈಗಿನ ಯುನಿಕೋಡಿನದು ಬೇರೆ. ಪರಿವರ್ತಕ ತಂತ್ರಾಂಶ ಹಾಕಿ ಅವನ್ನು ಈಗಿನ ಲಿಪಿಗೆ ತಂದದ್ದಾಯಿತು. ಜೋಪಾನ ಮಾಡಿದರೆ ಸಾಲದು, ಓದಲು ಬರುವಂತೆಯೂ ಇಟ್ಟಿರಬೇಕು ಎಂಬುದನ್ನು ಶಾಸನಗಳ ಪಾಠ ಮಾಡುವ ನನಗೆ ನನ್ನದೇ ಪ್ರಶ್ನೆಪತ್ರಿಕೆ ಹೇಳಿಕೊಟ್ಟಿತು.

ಕೊನೆಯಲ್ಲಿ ಹುಡುಗ ಬೇಕೆಂದೇ ಒಂದು ಹೊಸ ಡಿಸ್ಕನ್ನು ಕಳಚಿ ಕಂಪ್ಯೂಟರ್ ಹೊತ್ತಿಸಿದ. ಎಲ್ಲವೂ ತೆರೆದುಕೊಂಡಿತು. ಮತ್ತೆ ಅದನ್ನು ಸೇರಿಸಿದಾಗ ಒಂಟಿಯಾಗಿದ್ದದ್ದು ತನ್ನಲ್ಲಿದ್ದದ್ದನ್ನೆಲ್ಲ ಜೊತೆಯದಕ್ಕೆ ಹೇಳಿಕೊಟ್ಟಿತು. ನಂಬುವ ಮೊದಲು ಪರೀಕ್ಷೆ ಮಾಡಿ ನೋಡಬೇಕೆಂಬ ಈ ಗುಣ ನಮ್ಮ ಹುಡುಗರಿಗೆ ಎಲ್ಲ ವಿಷಯದಲ್ಲಿಯೂ ಬಂದರೆ ಚೆನ್ನ.

ಇನ್ನು ಇಪ್ಪತ್ತೇಳನೆಯ ಹಾಡು. ಹಳೆಯ ಡಿಸ್ಕಿನಲ್ಲಿ ಅದು ಕುಳಿತಿದ್ದ ಜಾಗವೇ ಸವೆದಿತ್ತು. ಓದಲು ಬಂದದ್ದನ್ನು ಮೊದಲು ಓದಿಕೊಂಡು, ಬಾರದ್ದಕ್ಕೆ ಮತ್ತೆ ಮತ್ತೆ ಹಿಂದಿರುಗಿ ಪ್ರಯತ್ನಿಸುವ ತಂತ್ರಾಂಶವೊಂದಿದೆ. ಅದನ್ನು ರಾತ್ರಿಯಿಡೀ ಓಡಿಸಿದ. ಬೆಳಿಗ್ಗೆ ಹಾಡು ಸಿಕ್ಕಿತು, ನಡುವೆ ಸುಮಾರು ಅರ್ಧ ನಿಮಿಷ ಬಿಟ್ಟು. ಹೆಣ್ಣೊಪ್ಪಿಸುವ ಹಾಡು ಅದು. ತಾಯಿ ಮಗಳ ಕೈಯನ್ನು ಅತ್ತೆಯ ಕೈಗೆ ಕೊಡುವ ಕಡೆಯಲ್ಲಿ ಒಂದು ನುಡಿ ಪೂರ್ತಿ ಇಲ್ಲ.

“ರೇಡ್ ಇದೆಯಲ್ಲ, ತುಂಬಿಕೊಡಲ್ವ?” ಎಂದು ಕೇಳಿದೆ. “ಅತ್ತೆ, ಮೊದಲೇ ಹೋದದ್ದನ್ನ ಅದು ತರಲ್ಲ. ಈಗ ಎರಡೂ ಡಿಸ್ಕಿನಲ್ಲಿ ಆ ಅರ್ಧ ನಿಮಿಷ ಇಲ್ಲ, ಅಷ್ಟೆ. ನೀವು ಕನ್ನಡಿ ಮುಂದೆ ನಿಂತು ಮೂಗುತಿ ತೆಗೆದರೆ ಕನ್ನಡಿಯಲ್ಲಿ ಮೂಗುತಿ ಉಳಿಯತ್ತಾ?” ಎಂದ. ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ, ಕೆಡಿಸಿದ್ದು ಎರಡರಲ್ಲೂ ಕೆಡುತ್ತದೆ. ಕನ್ನಡಿ ಕಾಯುವುದು ಡಿಸ್ಕಿನ ಸಾವಿನಿಂದ ಮಾತ್ರ. ಕೈತಪ್ಪಿನಿಂದಲ್ಲ, ಕಳ್ಳರಿಂದಲ್ಲ, ಸಿಡಿಲಿನಿಂದಲ್ಲ. ಅದಕ್ಕೆ ಬೇರೆ ಮನೆಯಲ್ಲಿ ಬೇರೆಯೇ ಪ್ರತಿ ಇರಬೇಕು ಎಂದು ಅವನ ಉಪದೇಶ.

ನಾನು ತೀರ್ಥಹಳ್ಳಿಯಲ್ಲಿರುವ ಚಿಕ್ಕಮ್ಮನಿಗೆ ಫೋನು ಮಾಡಿದೆ. ಅಮ್ಮನ ಬೆನ್ನಿಗೆ ಹುಟ್ಟಿದವಳು. ಇಬ್ಬರೂ ಒಂದೇ ಅಜ್ಜಿಯ ಮಗ್ಗುಲಲ್ಲಿ ಮಲಗಿ ಹಾಡು ಕಲಿತವರು. ಎಪ್ಪತ್ತೆರಡರ ಆಕೆ ಎಲೆಯಡಿಕೆ ಉಗಿದು ಬಂದು, ಗಂಟಲು ಸರಿಮಾಡಿಕೊಂಡು, ಆ ನುಡಿಯನ್ನು ಒಂದೇ ಉಸಿರಿಗೆ ಹಾಡಿದಳು. ಹುಡುಗ ಹಿಡಿದಿಟ್ಟುಕೊಂಡ. ನನ್ನ ಕಣ್ಣು ತುಂಬಿತು. ಬೋರ್ಡಿನ ಮೇಲೆ ಅಳಿಸಿದ ಸಂಖ್ಯೆ ಸಿಕ್ಕಿತೆಂದುಕೊಂಡೆ.

ಆ ಸಂಜೆ ಅಮ್ಮನ ಪಕ್ಕ ಕುಳಿತು ಹಾಡು ಹಾಕಿದೆ. ಅಮ್ಮ ತನ್ನದೇ ಧ್ವನಿಯನ್ನು ಯಾರೋ ನೆಂಟರ ಧ್ವನಿಯೆಂಬಂತೆ ಕೇಳುತ್ತಿದ್ದಳು. ನಡುವಿನ ಜಾಗ ಬಂದಾಗ ಚಿಕ್ಕಮ್ಮನ ನುಡಿ ಹಾಕಿದೆ. ಅಮ್ಮ ತಲೆ ಅಲ್ಲಾಡಿಸಿದಳು. “ಅದು ಹಾಗಲ್ಲ” ಎಂದಳು. “ಮತ್ತೆ ಹೇಗಮ್ಮ?” ಎಂದೆ. ಬಹಳ ಹೊತ್ತು ಕಿಟಕಿಯ ಕಡೆ ನೋಡಿದಳು. “ಹಾಗಲ್ಲ” ಎಂದಳು ಮತ್ತೆ. ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ.

ಇದನ್ನು ಹೇಳಿದಾಗ ಹುಡುಗ ಆಶ್ಚರ್ಯಪಡಲಿಲ್ಲ. ಜೋಡಿ ಡಿಸ್ಕಿನಲ್ಲಿ ಒಂದು ಒಂದು ಹೇಳಿ, ಇನ್ನೊಂದು ಇನ್ನೊಂದು ಹೇಳಿದರೆ, ವ್ಯತ್ಯಾಸವಿದೆ ಎಂದಷ್ಟೇ ಯಂತ್ರಕ್ಕೆ ಗೊತ್ತಾಗುತ್ತದೆ, ಯಾವುದು ಸರಿಯೆಂದು ಗೊತ್ತಾಗುವುದಿಲ್ಲವಂತೆ. ಚಿಕ್ಕಮ್ಮ ಮದುವೆಯಾಗಿ ಹೋದ ಊರಿನಲ್ಲಿ ಐವತ್ತು ವರ್ಷ ಹಾಡಿದವಳು. ಅಲ್ಲಿಯ ಹೆಂಗಸರ ಮಾತು ಅವಳ ಹಾಡಿನಲ್ಲಿ ಸೇರಿರಬಹುದು. ಅಥವಾ ಬದಲಾಯಿಸಿದವಳು ಅಮ್ಮನೇ ಇರಬಹುದು. ಹುಡುಗ ಆ ನುಡಿಯನ್ನು ಅಮ್ಮನ ಹಾಡಿನ ನಡುವೆ ಹೊಲಿದುಕೊಡುತ್ತೇನೆಂದ, ನಾನು ಬೇಡವೆಂದೆ. ಅಮ್ಮನ ಹಾಡು ಹರಿದ ಹಾಗೆಯೇ ಇರಲಿ, ಚಿಕ್ಕಮ್ಮನದು ಪಕ್ಕದಲ್ಲಿ ಅವಳ ಹೆಸರಿನಲ್ಲೇ ಇರಲಿ.

ಏಳನೆಯ ತರಗತಿಯ ಮಕ್ಕಳಿಗೂ ಅತ್ತಿಮಬ್ಬೆಯ ಹೆಸರು ಗೊತ್ತು. ಹತ್ತನೆಯ ಶತಮಾನದ ಕೊನೆಯಲ್ಲಿ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದವಳೆಂದು ಅವಳ ಕೀರ್ತಿ. ಇಷ್ಟು ವರ್ಷ ಅದನ್ನು ದಾನವೆಂದೇ ಪಾಠ ಹೇಳಿದೆ. ಸಾವಿರವನ್ನೂ ಒಂದೇ ಭಂಡಾರದಲ್ಲಿ ಪೇರಿಸಿಡದೆ ಹಂಚಿದಳಲ್ಲ, ಅದರಲ್ಲಿ ಗೃಹಿಣಿಯ ಜಾಣತನವೂ ಇದೆಯೆಂದು ಈಗ ಸೇರಿಸಿ ಹೇಳುತ್ತೇನೆ. ಒಂದು ಊರಿಗೆ ಗೆದ್ದಲು ಬಂದರೆ ಇನ್ನೊಂದು ಊರಿನಲ್ಲಿ ಉಳಿಯಬೇಕಲ್ಲ.

ನಾವು ಸಾವಿರ ಮಾಡಿಸಲಿಲ್ಲ. ಮೂರನೆಯ ಪ್ರತಿಯೊಂದನ್ನು ಇನ್ನೊಂದು ಸಣ್ಣ ಡಿಸ್ಕಿಗೆ ಹಾಕಿ ಅಣ್ಣನ ಮನೆಯಲ್ಲಿಟ್ಟೆವು. ಯುಗಾದಿಗೆ, ದೀಪಾವಳಿಗೆ ಅದು ಹಬ್ಬದೂಟಕ್ಕೆ ಬಂದಂತೆ ನಮ್ಮ ಮನೆಗೆ ಬಂದು, ಹೊಸದೇನಾದರೂ ಇದ್ದರೆ ತುಂಬಿಸಿಕೊಂಡು ಹೋಗುತ್ತದೆ. ಹಾಡುಗಳ ಪ್ರತಿಯೊಂದು ತೀರ್ಥಹಳ್ಳಿಗೂ ಹೋಗಿದೆ.

ಆ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಎಂಟನೆಯ ತರಗತಿಯ ಐದು ಹುಡುಗಿಯರಿಗೆ ಈ ಹೆಣ್ಣೊಪ್ಪಿಸುವ ಹಾಡು ಕಲಿಸಿದೆ. ಅಮ್ಮನ ಧ್ವನಿ ಹಾಕಿ, ನಡುವಿನ ಜಾಗದಲ್ಲಿ ಚಿಕ್ಕಮ್ಮನ ನುಡಿ ಹೇಳಿಕೊಟ್ಟೆ. ಎರಡನೆಯ ದಿನ ಒಬ್ಬಳು ಕೈಯೆತ್ತಿದಳು.

“ಟೀಚರ್, ನಮ್ಮಜ್ಜಿ ಇದನ್ನ ಬೇರೆ ಥರ ಹೇಳ್ತಾರೆ.”

ನಾಳೆ ಬರೆದುಕೊಂಡು ಬಾ ಎಂದೆ.